ಹಾರುವವರ ಹಿರಿಯ ಗೆಳೆಯ

1896ನೆಯ ಇಸವಿಯ ಜೂನ್ ತಿಂಗಳು. ಅಮೆರಿಕದ ಷಿಕಾಗೋ ನಗರದಿಂದ ಹೊರಟ ರೈಲುಗಾಡಿಯೊಂದು ಇಂಡಿಯಾನ ರಾಜ್ಯದ ಮಿಲ್ಲರ್ ಎಂಬ ಸಣ್ಣ ನಿಲ್ದಾಣದಲ್ಲಿ ನಿಂತಾಗ ಒಂದು ವಿಚಿತ್ರ ತಂಡ ಕೆಳಗಿಳಿಯಿತು. ಗುಡಾರ, ಮರದ ಸಲಾಕೆಗಳು, ಬಟ್ಟೆಯನ್ನು ಬಿಗಿದ ದೊಡ್ಡ ರೆಕ್ಕೆಗಳು, ಇವೆಲ್ಲವನ್ನೂ ಹೊತ್ತುಕೊಂಡು ಅವರು ಮಿಷಿಗನ್ ಸರೋವರದ ದಂಡೆಯ ಮರಳುದಿಬ್ಬಗಳತ್ತ ನಡೆದರು. ತಂಡದ ನಾಯಕರು ನರೆತ ಗಡ್ಡದ ವೃದ್ಧರು. ಮೊಮ್ಮಕ್ಕಳನ್ನು ಬಳಿಯಲ್ಲಿ ಕೂರಿಸಿಕೊಂಡು ಕಥೆ ಹೇಳಬೇಕಾದ 64ರ ಪ್ರಾಯದಲ್ಲಿ ಅವರು ಮನುಷ್ಯನನ್ನು ಗಾಳಿಯಲ್ಲಿ ತೇಲಿಸಲು ಹೊರಟಿದ್ದರು. ಅವರೇ ಆಕ್ಟೇವ್ ಶನೂಟ್.

ಶನೂಟರು ಹುಟ್ಟಿದ್ದು 1832ರ ಫೆಬ್ರವರಿ 18ರಂದು, ಫ್ರಾನ್ಸ್ ದೇಶದ ಪ್ಯಾರಿಸ್ ನಗರದಲ್ಲಿ. ಆರು ವರ್ಷದ ಬಾಲಕರಾಗಿದ್ದಾಗ, ಚರಿತ್ರೆಯ ಪ್ರಾಧ್ಯಾಪಕರಾಗಿದ್ದ ತಂದೆಯೊಡನೆ ಅಮೆರಿಕಕ್ಕೆ ಬಂದರು. ಮುಂದೆ ಹೆಸರಾಂತ ಎಂಜಿನಿಯರ್ ಆದ ಅವರು ಯಾವ ಎಂಜಿನಿಯರಿಂಗ್ ಕಾಲೇಜಿನಲ್ಲಿಯೂ ಓದಿದವರಲ್ಲ. ಹದಿನೇಳನೆಯ ವಯಸ್ಸಿನಲ್ಲಿ ಹಡ್ಸನ್ ನದಿಯ ದಡದಲ್ಲಿ ಹಾಕುತ್ತಿದ್ದ ರೈಲುಮಾರ್ಗದ ಅಧಿಕಾರಿಯ ಬಳಿಗೆ ಹೋಗಿ ಕೆಲಸ ಕೇಳಿದರು. ಸ್ಥಳ ಖಾಲಿಯಿಲ್ಲವೆಂಬ ಉತ್ತರ ಬಂದಾಗ, ಸಂಬಳವಿಲ್ಲದೆ ದುಡಿಯಲು ಸಿದ್ಧನೆಂದು ಹೇಳಿ, ನೆಲವನ್ನಳೆಯುವ ಸರಪಣಿಯ ಒಂದು ತುದಿಯನ್ನು ಹಿಡಿದು ನಿಂತರು. ಕೆಲವು ಕಾಲದಲ್ಲಿಯೇ ಸಂಬಳವೂ ದೊರೆಯಿತು.

ಆಗ ಅಮೆರಿಕದ ನಡುನಾಡಿನ ಬಯಲುಗಳಲ್ಲಿ ರೈಲುಹಳಿಗಳು ಹರಡಿಕೊಳ್ಳುತ್ತಿದ್ದ ಕಾಲ. ಇಪ್ಪತ್ತೊಂದರ ಶನೂಟರು ಇಲಿನಾಯ್ ರಾಜ್ಯಕ್ಕೆ ಬಂದರು. 1857ರಲ್ಲಿ ಪಿಯೋರಿಯ ಪಟ್ಟಣದ ಆನಿ ಜೇಮ್ಸ್ ಎಂಬಾಕೆಯನ್ನು ವಿವಾಹವಾದರು. 1865ರಲ್ಲಿ ಷಿಕಾಗೋ ನಗರದ ವಿಶಾಲವಾದ ಜಾನುವಾರು ಮಾರುಕಟ್ಟೆಯ ವಿನ್ಯಾಸವನ್ನು ರಚಿಸಿದರು. ಅನಂತರ ಅವರಿಗೆ ಒದಗಿದ್ದು ಮಿಸ್ಸೂರಿ ನದಿಗೆ ಸೇತುವೆ ಕಟ್ಟುವ ಕಾರ್ಯ. ರಭಸದ ಪ್ರವಾಹ, ಸದಾ ಸರಿದಾಡುವ ಮರಳಿನ ತಳ. ಅಂದಿನವರೆಗೆ ಆ ನದಿಗೆ ಸೇತುವೆಯೇ ಇರಲಿಲ್ಲ. ಶನೂಟರ ಸೇತುವೆ 1869ರ ಜುಲೈ 3ರಂದು ಕ್ಯಾನ್ಸಾಸ್ ಸಿಟಿಯಲ್ಲಿ ಸಂಚಾರಕ್ಕೆ ತೆರೆಯಿತು. ರೈಲುಹಳಿಯ ಕೆಳಗಿಡುವ ಮರದ ದಿಮ್ಮಿಗಳು ಬೇಗ ಕೊಳೆಯದಂತೆ ರಾಸಾಯನಿಕಗಳನ್ನು ತುಂಬುವ ವಿಧಾನವನ್ನು ಬಳಕೆಗೆ ತರಲು ಅವರು ವರ್ಷಗಟ್ಟಲೆ ಶ್ರಮಿಸಿದರು. ಕೇಳಲು ಸಪ್ಪೆಯೆನಿಸುವ ಕೆಲಸವಿದು. ಆದರೆ ಅದರಿಂದ ಉಳಿದ ಕಾಡೆಷ್ಟು ಎಂಬುದನ್ನು ಊಹಿಸಿಕೊಳ್ಳಬಹುದು. 1891ರಲ್ಲಿ ಅಮೆರಿಕದ ಸಿವಿಲ್ ಎಂಜಿನಿಯರುಗಳ ಸಂಘ ಅವರನ್ನು ಅಧ್ಯಕ್ಷರನ್ನಾಗಿ ಆರಿಸಿತು.

ಗೌರವ, ಸಂಪತ್ತು ಎರಡೂ ಇದ್ದ ಇಂತಹ ವ್ಯಕ್ತಿ ಹಾರಾಟದ ಮಾತೆತ್ತುವುದು ಅಂದು ಸುಲಭವಾಗಿರಲಿಲ್ಲ. ಹಾರಲು ಯತ್ನಿಸುವವರನ್ನು ಜನ ಹುಚ್ಚರೆಂದು ನಗುತ್ತಿದ್ದರು. ಆದ್ದರಿಂದ ಶನೂಟರು ಈ ಆಸೆಯನ್ನು ಬಹುಕಾಲ ಮನಸ್ಸಿನಲ್ಲಿಯೇ ಇಟ್ಟುಕೊಂಡಿದ್ದರು. ಕಡೆಗೆ ಅದನ್ನು ಹೊರಗೆಡವಿದಾಗ ಅವರು ಮೊದಲು ಮಾಡಿದ್ದು ಯಂತ್ರವನ್ನಲ್ಲ, ಸ್ನೇಹವನ್ನು. ಅವರು ಜನರೊಡನೆ ಬೆರೆಯುವ ಸ್ವಭಾವದವರು. ಫ್ರಾನ್ಸ್, ಜರ್ಮನಿ, ಇಂಗ್ಲೆಂಡ್, ಆಸ್ಟ್ರೇಲಿಯ, ಎಲ್ಲಿಯೇ ಯಾರೇ ರೆಕ್ಕೆ ಕಟ್ಟುತ್ತಿದ್ದರೂ ಅವರಿಗೆ ಪತ್ರ ಬರೆದು ವಿವರಗಳನ್ನು ತರಿಸಿ, ಒಬ್ಬರು ಕಂಡುಕೊಂಡದ್ದನ್ನು ಮತ್ತೊಬ್ಬರಿಗೆ ತಿಳಿಸುತ್ತಿದ್ದರು. 1893ರಲ್ಲಿ ಷಿಕಾಗೋ ನಗರದಲ್ಲಿ ವಾಯುಯಾನದ ಅಂತರರಾಷ್ಟ್ರೀಯ ಸಮ್ಮೇಳನವೊಂದನ್ನು ಸೇರಿಸಿದರು. ಮರುವರ್ಷ, ಅಂದಿನವರೆಗಿನ ಹಾರಾಟದ ಪ್ರಯತ್ನಗಳನ್ನೂ ಅವುಗಳ ಸೋಲಿನ ಕಾರಣಗಳನ್ನೂ ವಿವರಿಸುವ ಗ್ರಂಥವನ್ನು ಪ್ರಕಟಿಸಿದರು.

ಮಿಷಿಗನ್ ಸರೋವರದ ಮರಳುದಿಬ್ಬಗಳಿಗೆ ಅವರು ಬಂದದ್ದು ಇದಾದ ಎರಡು ವರ್ಷಗಳ ಮೇಲೆ. ಸರೋವರದಿಂದ ಗಾಳಿ ಬೀಸುತ್ತಿತ್ತು. ಬಿದ್ದರೆ ಮೆತ್ತನೆಯ ಮರಳು. ಎಂಜಿನ್ ಇಲ್ಲದೆ ಗಾಳಿಯ ಮೇಲೆ ಜಾರುತ್ತ ಇಳಿಯುವ ಗ್ಲೈಡರುಗಳನ್ನು ಹೊತ್ತು, ಗಾಳಿಗೆ ಎದುರಾಗಿ ದಿಬ್ಬದಿಂದ ಓಡುತ್ತ ಜಿಗಿಯುವವರು ಹೆಚ್ಚಾಗಿ ಕಿರಿಯ ಸಂಗಡಿಗರು. ಶನೂಟರು ದೂರವನ್ನೂ ಕಾಲವನ್ನೂ ಗುರುತು ಹಾಕಿಕೊಳ್ಳುತ್ತಿದ್ದರು. ಗಾಳಿಯ ಮೇಲೆ ಜಾರುವುದು ಎಲ್ಲರಿಗೂ ಬಲು ಆನಂದದಾಯಕವಾಗಿತ್ತೆಂದು ಅವರು ಮುಂದೆ ಬರೆದರು. ಹಾರುವ ಯಂತ್ರ ಮೊದಲು ಬಳಕೆಗೆ ಬರುವುದು ಕ್ರೀಡೆಯಾಗಿಯೇ ಎಂಬುದು ಅವರ ನಂಬಿಕೆ. ಆ ಬೇಸಿಗೆಯ ಶಿಬಿರವೂ ಒಂದು ಆಟದ ಬಯಲಿನಂತೆಯೇ ಇತ್ತು.

ಆದರೆ ಆಟದ ಹಿಂದೆ ಎಂಜಿನಿಯರರ ಕಣ್ಣಿತ್ತು. ಹನ್ನೆರಡು ರೆಕ್ಕೆಗಳ ಒಂದು ಗ್ಲೈಡರನ್ನು ಪರೀಕ್ಷಿಸಿ, ರೆಕ್ಕೆಗಳನ್ನು ಮತ್ತೆ ಮತ್ತೆ ಬೇರೆ ಬೇರೆಯಾಗಿ ಜೋಡಿಸಿ ನೋಡಿದರು. ಕಡೆಗೆ ಒಂದರ ಮೇಲೊಂದು ಎರಡೇ ರೆಕ್ಕೆಗಳುಳ್ಳ ಗ್ಲೈಡರ್ ಸಿದ್ಧವಾಯಿತು. ಎರಡು ರೆಕ್ಕೆಗಳ ನಡುವೆ ನೆಟ್ಟನೆಯ ಮರದ ಕಂಬಗಳು. ಮೂಲೆಯಿಂದ ಮೂಲೆಗೆ ಬಿಗಿದ ತಂತಿಗಳು. ರೈಲು ಸೇತುವೆಗಳಿಗೆ ಬಲ ಕೊಡುವ ಚೌಕಟ್ಟಿನ ಕ್ರಮವಿದು. ಹಗುರವಾದ ರೆಕ್ಕೆಗಳು ಗಾಳಿಯ ಹೊಡೆತಕ್ಕೆ ಬಾಗದೆ ನಿಲ್ಲಲು ಇದರಿಂದ ಸಾಧ್ಯವಾಯಿತು. ಆ ಗ್ಲೈಡರ್ ಒಮ್ಮೆ 359 ಅಡಿಗಳಷ್ಟು ದೂರ ತೇಲಿತು. ಶನೂಟರು ಅದರ ವಿವರಗಳನ್ನು ಗುಟ್ಟಾಗಿಡದೆ ಪ್ರಕಟಿಸಿದರು. ಯಾರು ಬೇಕಾದರೂ ಅದನ್ನು ಕಟ್ಟಿಕೊಳ್ಳಬಹುದಾಗಿತ್ತು.

1900ರ ಮೇ ತಿಂಗಳಿನಲ್ಲಿ ಡೇಟನ್ ಪಟ್ಟಣದಿಂದ ಅವರಿಗೊಂದು ಪತ್ರ ಬಂದಿತು. ಬರೆದವರು ಸೈಕಲ್ ಅಂಗಡಿಯ ವಿಲ್ಬರ್ ರೈಟ್ ಎಂಬ 33ರ ತರುಣರು. ಅಪರಿಚಿತನೆಂದು ಶನೂಟರು ಅಲಕ್ಷ್ಯ ಮಾಡಲಿಲ್ಲ. ನಾಲ್ಕೇ ದಿನಗಳಲ್ಲಿ ಉತ್ತರ ಬರೆದರು. ಅಲ್ಲಿಂದ ಹತ್ತು ವರ್ಷಗಳ ಕಾಲ ಇಬ್ಬರ ನಡುವೆ ನೂರಾರು ಪತ್ರಗಳು ಹರಿದಾಡಿದವು. ವಿಲ್ಬರ್ ಮತ್ತು ಆರ್ವಿಲ್ ಸಹೋದರರು ಕಿಟಿಹಾಕ್ ಬಳಿಯ ಕಡಲತಡಿಯಲ್ಲಿ ಪ್ರಯೋಗ ನಡೆಸುತ್ತಿದ್ದಾಗ ಶನೂಟರು 1901, 1902 ಹಾಗೂ 1903ರಲ್ಲಿ ಅಲ್ಲಿಗೆ ಹೋಗಿ ಅವರ ಶಿಬಿರದಲ್ಲಿ ತಂಗಿದರು. 1901ರ ಪ್ರಯೋಗಗಳು ನಿರೀಕ್ಷೆಯಂತೆ ಸಾಗದೆ ವಿಲ್ಬರ್ ಎದೆಗುಂದಿದ್ದಾಗ, ಷಿಕಾಗೋ ನಗರದ ಎಂಜಿನಿಯರುಗಳ ಮುಂದೆ ಉಪನ್ಯಾಸ ಮಾಡಲು ಅವರನ್ನು ಆಹ್ವಾನಿಸಿದರು. ಆ ಆಹ್ವಾನ ತರುಣರಿಗೆ ಹೊಸ ಉತ್ಸಾಹವನ್ನು ತಂದಿತು. 1903ರ ಡಿಸೆಂಬರ್ 17ರಂದು ರೈಟ್ ಸಹೋದರರ ಯಂತ್ರ ಆಕಾಶಕ್ಕೇರಿತು. ಅಂದಿನ ದೀರ್ಘವಾದ ಹಾರಾಟ 59 ಸೆಕೆಂಡು, 852 ಅಡಿ. ಆ ಸುದ್ದಿಯನ್ನು ಅವರ ತಂಗಿ ಕ್ಯಾಥರೀನ್ ತಂತಿಯ ಮೂಲಕ ಶನೂಟರಿಗೆ ತಿಳಿಸಿದರು.

ಇಲ್ಲಿಗೆ ಕಥೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಯಾವ ಗುಣ ಇವರನ್ನು ಹತ್ತಿರ ತಂದಿತ್ತೋ ಅದೇ ದೂರವನ್ನೂ ಮಾಡಿತು. ತಿಳಿದದ್ದನ್ನು ಹಂಚಿಕೊಳ್ಳಬೇಕೆಂಬುದು ಶನೂಟರ ನಿಲುವು. 1903ರ ಏಪ್ರಿಲ್ ತಿಂಗಳಿನಲ್ಲಿ ಪ್ಯಾರಿಸ್ ನಗರದಲ್ಲಿ ಮಾತನಾಡುತ್ತ ಅವರು ರೈಟ್ ಸಹೋದರರ ಗ್ಲೈಡರುಗಳ ವಿಷಯವನ್ನು ತಿಳಿಸಿದರು. ಆ ಸಹೋದರರು ತಮ್ಮ ಶಿಷ್ಯರೆಂಬ ಭಾವನೆ ಅಲ್ಲಿ ಹಬ್ಬಿತು. ಇದು ಅವರನ್ನು ನೋಯಿಸಿತು. ಅವರ ನೋವಿಗೂ ಕಾರಣವಿತ್ತು. ರೆಕ್ಕೆಗಳನ್ನು ತಿರುಚಿ ವಿಮಾನದ ಸಮತೋಲವನ್ನು ಕಾಪಾಡುವ ತಂತ್ರವನ್ನು ಕಂಡುಕೊಂಡು ಸಾಧಿಸಿದವರು ಅವರೇ. 1906ರಲ್ಲಿ ಅವರಿಗೆ ಪೇಟೆಂಟ್ ದೊರೆಯಿತು. ಆ ಹಕ್ಕಿಗಾಗಿ ಅವರು ಇತರ ವಿಮಾನ ನಿರ್ಮಾಪಕರ ಮೇಲೆ ದಾವೆ ಹೂಡಿದಾಗ ಶನೂಟರು ಮೆಚ್ಚಲಿಲ್ಲ. ರೆಕ್ಕೆಯನ್ನು ತಿರುಚುವ ಆಲೋಚನೆ ಹೊಸದಲ್ಲವೆಂಬ ಅವರ ಅಭಿಪ್ರಾಯ 1910ರ ಜನವರಿಯಲ್ಲಿ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ವಿಲ್ಬರರು ಕಟುವಾಗಿ ಬರೆದರು. 77ರ ಶನೂಟರೂ ಅಷ್ಟೇ ನಿಷ್ಠುರವಾಗಿ ಉತ್ತರಿಸಿದರು. ಪತ್ರಗಳು ನಿಂತವು.

ಮೌನವನ್ನು ಮೊದಲು ಮುರಿದವರು ವಿಲ್ಬರ್. ಏಪ್ರಿಲ್ ತಿಂಗಳ ಕೊನೆಯಲ್ಲಿ, ಹಳೆಯ ಸ್ನೇಹವನ್ನು ಕಳೆದುಕೊಳ್ಳಲು ತಮಗೆ ಮನಸ್ಸಿಲ್ಲವೆಂದು ಅವರು ಬರೆದರು. ಶನೂಟರಿಗೆ ಸಂತೋಷವಾಯಿತು. ಯೂರೋಪಿನಿಂದ ಹಿಂದಿರುಗಿದ ಮೇಲೆ ಮೊದಲಿನಂತಾಗೋಣವೆಂಬ ಆಸೆಯನ್ನು ತಿಳಿಸಿ ಪ್ರವಾಸ ಹೊರಟರು. ಆದರೆ ಅಲ್ಲಿ ತೀವ್ರ ಕಾಯಿಲೆಗೆ ಈಡಾಗಿ ಬಳಲಿ ಹಿಂದಿರುಗಿದವರು 1910ರ ನವೆಂಬರ್ 23ರಂದು ಷಿಕಾಗೋ ನಗರದ ತಮ್ಮ ಮನೆಯಲ್ಲಿ ತೀರಿಕೊಂಡರು. ಅವರನ್ನು ಪಿಯೋರಿಯದಲ್ಲಿ ಸಮಾಧಿ ಮಾಡಲಾಯಿತು.

ಸುದ್ದಿ ತಿಳಿದೊಡನೆ ವಿಲ್ಬರ್ ರೈಟ್ ರೈಲನ್ನೇರಿ ಷಿಕಾಗೋ ನಗರಕ್ಕೆ ಬಂದು ಅಂತ್ಯಕ್ರಿಯೆಯಲ್ಲಿ ಪಾಲ್ಗೊಂಡರು. ಕೆಲವು ವಾರಗಳ ಅನಂತರ ವಾಯುಯಾನ ಪತ್ರಿಕೆಯೊಂದರಲ್ಲಿ ಅವರು ಶನೂಟರನ್ನು ಕುರಿತು ಲೇಖನ ಬರೆದರು. ಅದರಲ್ಲಿ ಜಗಳದ ಮಾತಿರಲಿಲ್ಲ. ಆ ಹಿರಿಯರು ಬದುಕಿರದಿದ್ದರೆ ಹಾರಾಟದ ಚರಿತ್ರೆಯೇ ಬೇರೆಯಾಗಿರುತ್ತಿತ್ತು ಎಂದು ಅವರು ಮನಃಪೂರ್ವಕವಾಗಿ ಒಪ್ಪಿಕೊಂಡಿದ್ದರು.