ಜಂಗಮ ಶಿಲ್ಪಿ ಕಾಲ್ಡರ್

ಶಿಲ್ಪವೆಂದರೆ ನಿಂತದ್ದು ಎಂಬ ಭಾವನೆ ನಮ್ಮಲ್ಲಿ ಆಳವಾಗಿ ಬೇರೂರಿದೆ. ಕಲ್ಲಾಗಲಿ, ಕಂಚಾಗಲಿ, ಕಾಲಕ್ಕೆದುರಾಗಿ ಅಲುಗದೆ ನಿಲ್ಲುವುದೇ ಅದರ ಹಿರಿಮೆಯೆಂದು ತಿಳಿದುಬಂದಿದ್ದೇವೆ. ಈ ನಂಬಿಕೆಯನ್ನು ವಾದದಿಂದಲ್ಲ, ಒಂದಿಷ್ಟು ತಂತಿ ಒಂದಿಷ್ಟು ತಗಡಿನಿಂದ ಅಲುಗಿಸಿದವನು ಅಮೆರಿಕದ ಅಲೆಕ್ಸಾಂಡರ್ ಕಾಲ್ಡರ್. ಅವನ ಬಾಳನ್ನು ನೆನೆದಾಗಲೆಲ್ಲ ನನ್ನಲ್ಲೊಂದು ಪ್ರಶ್ನೆ ಏಳುತ್ತದೆ: ಚಲನೆಯೇ ಜೀವವಾಗಿರುವ ಕೃತಿಯನ್ನು ಒಂದು ಊರು ಕಾಪಾಡುವುದು ಹೇಗೆ?

ಕಾಲ್ಡರ್ 1898ರಲ್ಲಿ ಪೆನ್ಸಿಲ್ವೇನಿಯಾ ಸಂಸ್ಥಾನದಲ್ಲಿ, ಶಿಲ್ಪಿಗಳ ಮನೆತನದಲ್ಲಿ ಹುಟ್ಟಿದ. ಫಿಲಡೆಲ್ಫಿಯಾದ ನಗರಸಭಾ ಭವನದ ಗೋಪುರದ ತುದಿಯಲ್ಲಿರುವ ವಿಲಿಯಂ ಪೆನ್ನನ 37 ಅಡಿ ಎತ್ತರದ ಕಂಚಿನ ಪ್ರತಿಮೆ ಅವನ ಅಜ್ಜನ ಕೃತಿ. ಅಲ್ಲಿಂದ ಹೊರಟ ರಾಜಬೀದಿಯಲ್ಲಿ, ನಡುವೆ ಸಿಗುವ 1924ರ ಕಾರಂಜಿ ತಂದೆಯದು. ಬೀದಿ ಮುಗಿಯುವಲ್ಲಿ ಕಲಾಸಂಗ್ರಹಾಲಯದ ಮೆಟ್ಟಿಲುಗಳ ಮೇಲೆ ತೂಗುವ ‘ಘೋಸ್ಟ್’ ಮೊಮ್ಮಗನದು. ನಿಂತ ಕಂಚು, ಚಿಮ್ಮುವ ನೀರು, ತೇಲುವ ತಗಡು. ಮೂರು ತಲೆಮಾರುಗಳಲ್ಲಿ ಶಿಲ್ಪ ನಡೆದುಬಂದ ದಾರಿಯೇ ಆ ಬೀದಿ ಎನ್ನಬಹುದು.

ಕಲಾವಿದನ ಬಾಳಿನ ಕಷ್ಟವನ್ನು ಕಂಡುಂಡ ತಂದೆತಾಯಿಗಳಿಗೆ ಮಗನೂ ಅದೇ ಹಾದಿ ಹಿಡಿಯುವುದು ಬೇಡವಾಗಿತ್ತು. ಅವನು ಯಂತ್ರಶಾಸ್ತ್ರವನ್ನು ಓದಿ 1919ರಲ್ಲಿ ಎಂಜಿನಿಯರ್ ಪದವಿ ಪಡೆದ. 1922ರಲ್ಲಿ ಹಡಗೊಂದರಲ್ಲಿ ಕೆಲಸಕ್ಕಿದ್ದಾಗ, ಗ್ವಾಟೆಮಾಲಾ ತೀರದ ಬಳಿ ಒಂದು ಮುಂಜಾವು ಕಡಲಿನ ಒಂದು ಅಂಚಿನಲ್ಲಿ ಉರಿಯುವ ಸೂರ್ಯನನ್ನೂ ಇನ್ನೊಂದು ಅಂಚಿನಲ್ಲಿ ಬೆಳ್ಳಿಯಂಥ ಚಂದ್ರನನ್ನೂ ಏಕಕಾಲಕ್ಕೆ ಕಂಡ. ಒಂದರ ಭಾರವನ್ನು ಇನ್ನೊಂದು ತೂಗಿದಂತಿದ್ದ ಆ ನೋಟ ಕೊನೆಯವರೆಗೂ ಅವನನ್ನು ಬಿಡಲಿಲ್ಲ.

1926ರಲ್ಲಿ ಅವನು ಪ್ಯಾರಿಸ್ಸಿಗೆ ಹೋದ. ತಂತಿ, ಬೆಂಡು, ಬಟ್ಟೆಚೂರುಗಳಿಂದ ಪುಟ್ಟ ಸರ್ಕಸ್ಸೊಂದನ್ನು ಕಟ್ಟಿ, ಗೆಳೆಯರೆದುರು ನೆಲದ ಮೇಲೆ ಕುಳಿತು ತಾನೇ ಆಡಿಸುತ್ತಿದ್ದ. 1930ರಲ್ಲಿ ಚಿತ್ರಕಾರ ಮಾಂಡ್ರಿಯಾನನ ಕೋಣೆಯ ಗೋಡೆಗೆ ಹಚ್ಚಿದ್ದ ಬಣ್ಣದ ಚೌಕಗಳನ್ನು ಕಂಡು, ಇವು ಅಲುಗಾಡಿದರೆ ಎಷ್ಟು ಚೆನ್ನ ಎಂದನಂತೆ. ತನ್ನ ಚಿತ್ರಗಳಿಗೆ ಈಗಿರುವ ವೇಗವೇ ಸಾಕೆಂದು ಮಾಂಡ್ರಿಯಾನ್ ಒಪ್ಪಲಿಲ್ಲ. ಆಗ ಕಾಲ್ಡರ್ ತಾನೇ ಆ ಕೆಲಸಕ್ಕೆ ಕೈಹಾಕಿದ. ಮೊದಮೊದಲು ಮೋಟಾರುಗಳನ್ನೂ ಹಿಡಿಕೆಗಳನ್ನೂ ಜೋಡಿಸಿದ. ಆದರೆ ಯಂತ್ರ ಒಂದೇ ಪಾಠವನ್ನು ಮತ್ತೆ ಮತ್ತೆ ಒಪ್ಪಿಸುತ್ತದೆ. ಅದರಿಂದ ಬೇಸತ್ತು ಗಾಳಿಯ ಕೈಗೆ ಕೆಲಸವನ್ನೊಪ್ಪಿಸಿದ. ತುದಿಯ ಚಿಕ್ಕ ಎಲೆಯಿಂದ ಮೊದಲುಮಾಡಿ, ಒಂದೊಂದು ಕಡ್ಡಿಯ ಸಮತೂಕದ ಬಿಂದುವನ್ನು ಹುಡುಕುತ್ತ ಮೇಲೇರುವುದು ಅವನ ಕ್ರಮ. ಒಂದು ಕಡ್ಡಿ ತಿರುಗಿದರೆ ಉಳಿದವು ತಮ್ಮ ತಮ್ಮ ಲಯದಲ್ಲಿ ಉತ್ತರ ಕೊಡುತ್ತವೆ.

1931ರಲ್ಲಿ ದ್ಯೂಶಾಂ ಈ ಕೃತಿಗಳಿಗೆ ‘ಮೊಬೈಲ್’ ಎಂದು ಹೆಸರಿಟ್ಟ. ಇಂದು ನಾವು ಜೇಬಿನ ಫೋನಿಗೆ ಕೊಟ್ಟಿರುವ ಹೆಸರೇ ಅದು. ಅಲುಗದೆ ನಿಲ್ಲುವ ಕೃತಿಗಳನ್ನು ಆರ್ಪ್ ‘ಸ್ಟೇಬೈಲ್’ ಎಂದ. ಇವನ್ನು ಕನ್ನಡಿಸಲು ನಿಘಂಟು ತೆರೆಯಬೇಕಾಗಿಲ್ಲ. ಜಂಗಮ, ಸ್ಥಾವರ ಎಂಬ ಜೋಡಿಯನ್ನು ವಚನಕಾರರು ನಮ್ಮ ಬಾಯಲ್ಲಿ ಬಹಳ ಹಿಂದೆಯೇ ಇಟ್ಟಿದ್ದಾರೆ. ಅವರು ಆ ಮಾತುಗಳಲ್ಲಿ ತುಂಬಿದ ಧರ್ಮದ ತೂಕವನ್ನು ತಗಡಿನ ಮೇಲೆ ನಾನು ಹೇರಲಾರೆ. ಆದರೂ ಜಂಗಮವನ್ನು ಸ್ಥಾವರ ಮಾಡಿದರೆ ಏನಾಗುತ್ತದೆಂಬುದಕ್ಕೆ ಕಾಲ್ಡರನ ಕೃತಿಗಳ ಗತಿ ಒಳ್ಳೆಯ ನಿದರ್ಶನ.

ಸ್ಪೇನಿನ ಅಂತರ್ಯುದ್ಧದ ನಡುವೆ, 1937ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಅವನು ಗಣರಾಜ್ಯದ ಮಂಟಪಕ್ಕಾಗಿ ಪಾದರಸದ ಕಾರಂಜಿಯೊಂದನ್ನು ಮಾಡಿದ. ಅಲ್ಮಾದೆನ್ ಗಣಿಯ ಪಾದರಸ ತಟ್ಟೆಯಿಂದ ತಟ್ಟೆಗೆ ಹರಿದು, ಮೇಲೆ ತೂಗುವ ತಂತಿಯ ಅಕ್ಷರಗಳನ್ನು ಅಲುಗಿಸುತ್ತಿತ್ತು. 1955ರಲ್ಲಿ ಗಿರಾ ಸಾರಾಭಾಯಿಯವರ ಕರೆಗೆ ಓಗೊಟ್ಟು ಪತ್ನಿ ಲೂಯಿಸಾಳೊಡನೆ ಅಹಮದಾಬಾದಿಗೆ ಬಂದ. ಪ್ರಯಾಣದ ಅವಕಾಶಕ್ಕೆ ಪ್ರತಿಯಾಗಿ ಕೆಲವು ಶಿಲ್ಪಗಳನ್ನು ಕೊಡುವುದೆಂದು ಒಪ್ಪಂದ. ಅವನ್ನು ಅಲ್ಲಿಯೇ ಮಾಡಿಕೊಟ್ಟ. 1958ರಲ್ಲಿ ಪ್ಯಾರಿಸ್ಸಿನ ಯುನೆಸ್ಕೋ ಅಂಗಳದಲ್ಲಿ ‘ಸ್ಪೀರಾಲ್’ ನಿಂತಿತು; ಬುಡ ಸ್ಥಾವರ, ತುದಿ ಜಂಗಮ.

ಅದೇ 1958ರ ಇನ್ನೊಂದು ಕೃತಿಯ ಕಥೆ ಬೇರೆ. ‘ಪಿಟ್ಸ್‌ಬರ್ಗ್’ ಎಂಬ ಕಪ್ಪುಬಿಳುಪಿನ ಮೊಬೈಲನ್ನು ಒಬ್ಬ ಸಂಗ್ರಾಹಕ ಆ ಊರಿನ ವಿಮಾನ ನಿಲ್ದಾಣಕ್ಕೆ ದಾನಮಾಡಿದ. ಅಧಿಕಾರಿಗಳು ಅದಕ್ಕೆ ತಮ್ಮ ಜಿಲ್ಲೆಯ ಹಸುರು ಮತ್ತು ಹೊಂಬಣ್ಣ ಬಳಿಸಿದರು. ಗಾಳಿಯನ್ನು ನಂಬದೆ ಮೋಟಾರು ಜೋಡಿಸಿದರು. ಕಾಲ್ಡರ್ ಎಷ್ಟು ಪ್ರತಿಭಟಿಸಿದರೂ ಫಲವಾಗಲಿಲ್ಲ. ಅದು ತನ್ನ ಬಣ್ಣಕ್ಕೂ ತನ್ನ ನಡೆಗೂ ಮರಳಿದ್ದು ಅವನು ಸತ್ತ ಮೇಲೆಯೇ. ಇಲ್ಲಿ ಯಾರಲ್ಲಿಯೂ ದ್ವೇಷವಿರಲಿಲ್ಲ ಎಂಬುದನ್ನು ಗಮನಿಸಬೇಕು. ಇದ್ದದ್ದು ಅಭಿಮಾನ, ತಮ್ಮದೆಂಬ ಅಭಿಮಾನ. ಕೃತಿಯನ್ನು ಕೆಡಿಸಲು ಅಷ್ಟೇ ಸಾಕಾಯಿತು.

ಎಲ್ಲ ಊರುಗಳೂ ಹೀಗೆ ನಡೆದುಕೊಳ್ಳಲಿಲ್ಲ. 1969ರಲ್ಲಿ ಗ್ರ್ಯಾಂಡ್ ರ್‍ಯಾಪಿಡ್ಸ್ ನಗರದ ಚೌಕದಲ್ಲಿ ಕೆಂಪುಬಣ್ಣದ ಬೃಹತ್ ಸ್ಟೇಬೈಲ್ ನಿಂತಾಗ ಜನ ಮೊದಲು ಜಗಳವಾಡಿದರು. ಕ್ರಮೇಣ ಅದರ ಕಮಾನುಗಳ ಕೆಳಗೆ ನಡೆದಾಡಿ ಒಲಿದರು. ಅದರ ಆಕೃತಿಯೇ ನಗರದ ಲಾಂಛನವಾಯಿತು. ಅಲ್ಲಿ ಶಿಲ್ಪ ಚಲಿಸುವುದಿಲ್ಲ. ನೋಡುವವನು ನಡೆದಂತೆ ಅದು ರೂಪ ಬದಲಿಸುತ್ತದೆ.

1976ರ ನವೆಂಬರ್ 10ರಂದು ಕಾಲ್ಡರ್ ವಾಷಿಂಗ್ಟನ್ನಿಗೆ ಹೋಗಿ, ಸೆನೆಟ್ ಕಚೇರಿಯ ಭವನವೊಂದಕ್ಕಾಗಿ ಮಾಡಿದ ‘ಬೆಟ್ಟಗಳು ಮತ್ತು ಮೋಡಗಳು’ ಎಂಬ ಕೃತಿಯ ಮಾದರಿಯನ್ನು ಸರಿಪಡಿಸಿ ಬಂದ; ಮರುದಿನ ನ್ಯೂಯಾರ್ಕಿನಲ್ಲಿ ತೀರಿಕೊಂಡ. ಹತ್ತು ವರ್ಷಗಳ ಅನಂತರ ಅದು ಪೂರ್ಣಗಾತ್ರದಲ್ಲಿ ನೆಲೆಗೊಂಡಿತು. ಗಾಳಿಯಿಲ್ಲದ ಒಳಾಂಗಣದಲ್ಲಿ ಮೋಡಗಳನ್ನು ತಿರುಗಿಸಲು ಮೋಟಾರು ಬೇಕಾಯಿತು. ಅದು ಕೆಟ್ಟು ಮೋಡಗಳು ನಿಂತವು. ಕೆಳಗೆ ಓಡಾಡುವವರ ಸುರಕ್ಷತೆಗೆಂದು 2016ರಲ್ಲಿ ಅವುಗಳನ್ನು ಇಳಿಸಿದರು. ಆ ಎಚ್ಚರಿಕೆಯನ್ನು ನಾನು ತಪ್ಪೆನ್ನಲಾರೆ. ಆದರೆ ಅಂದು ಅಲ್ಲಿ ಉಳಿದದ್ದು ಬೆಟ್ಟ ಮಾತ್ರ. ಸ್ಥಾವರವನ್ನು ಕಾಯಲು ಕಾವಲುಗಾರನೊಬ್ಬ ಸಾಕು. ಜಂಗಮವನ್ನು ಕಾಯುವವನಿಗೆ ಅದರ ನಡೆಯೂ ತಿಳಿದಿರಬೇಕು.