ಹೆಲೆನ್ ಟಾಸಿಗ್: ಕಿವಿ ಕೇಳದಿದ್ದರೂ ಮಕ್ಕಳ ಎದೆಬಡಿತ ಅರಿತ ವೈದ್ಯೆ

ತುಟಿ, ಉಗುರು ನೀಲಿಗಟ್ಟಿರುತ್ತವೆ. ನಾಲ್ಕು ಹೆಜ್ಜೆ ಓಡಿದರೆ ಏದುಸಿರು. ಆಟದ ಮಧ್ಯೆಯೇ ಕುಕ್ಕರಗಾಲಿನಲ್ಲಿ ಕೂತು ಸುಧಾರಿಸಿಕೊಳ್ಳಬೇಕು. 'ಬ್ಲೂ ಬೇಬಿ' ಎಂದೇ ಕರೆಸಿಕೊಳ್ಳುತ್ತಿದ್ದ ಇಂಥ ಮಕ್ಕಳಿಗೆ 1940ರ ದಶಕದ ಆರಂಭದವರೆಗೂ ಚಿಕಿತ್ಸೆಯೇ ಇರಲಿಲ್ಲ. ಅವರಿಗೊಂದು ದಾರಿ ಹುಡುಕಿದವರು ಅಮೆರಿಕದ ಡಾ. ಹೆಲೆನ್ ಟಾಸಿಗ್.

ಓದಲು ಕಷ್ಟ, ಪದವಿಗೆ ಅಡ್ಡಿ

ಹೆಲೆನ್ ಹುಟ್ಟಿದ್ದು 1898ರ ಮೇ 24ರಂದು, ಮ್ಯಾಸಚೂಸೆಟ್ಸ್ ರಾಜ್ಯದ ಕೇಂಬ್ರಿಜ್‌ನಲ್ಲಿ. ತಂದೆ ಹಾರ್ವರ್ಡ್‌ನಲ್ಲಿ ಅರ್ಥಶಾಸ್ತ್ರ ಪ್ರಾಧ್ಯಾಪಕರು. ಹೆಲೆನ್‌ಗೆ 11 ವರ್ಷವಾಗಿದ್ದಾಗ ತಾಯಿ ಕ್ಷಯರೋಗದಿಂದ ತೀರಿಕೊಂಡರು. ಡಿಸ್ಲೆಕ್ಸಿಯಾ ಇದ್ದುದರಿಂದ ಓದುವುದೇ ಕಷ್ಟವಾಗಿತ್ತು. ತಂದೆ ಪಕ್ಕದಲ್ಲಿ ಕೂರಿಸಿಕೊಂಡು ತಾಳ್ಮೆಯಿಂದ ಓದಿಸಿದರು.

ಹಾರ್ವರ್ಡ್ ವೈದ್ಯಕೀಯ ಶಾಲೆ ಆಗ ಮಹಿಳೆಯರಿಗೆ ಪದವಿ ಕೊಡುತ್ತಿರಲಿಲ್ಲ. ಹೀಗಾಗಿ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಸೇರಿ, 1927ರಲ್ಲಿ ವೈದ್ಯೆಯಾದರು. 1930ರಲ್ಲಿ ಅಲ್ಲಿನ ಮಕ್ಕಳ ಹೃದಯ ಚಿಕಿತ್ಸಾಲಯದ ಹೊಣೆ ಸಿಕ್ಕಿತು. ಅದೇ ವೇಳೆಗೆ ಕಿವಿ ಮಂದವಾಗತೊಡಗಿತು. ಸ್ಟೆತಾಸ್ಕೋಪ್ ನೆಚ್ಚಿಕೊಳ್ಳಲಾಗದೆ, ಮಕ್ಕಳ ಎದೆಯ ಮೇಲೆ ಬೆರಳಿಟ್ಟು ಮಿಡಿತದ ವ್ಯತ್ಯಾಸ ಗುರುತಿಸುವುದನ್ನು ಕಲಿತರು.

ಕೆಲ ಮಕ್ಕಳು ಬದುಕಿದ್ದೇಕೆ?

ಆಗ ಚಿಕಿತ್ಸಾಲಯಕ್ಕೆ ಬರುತ್ತಿದ್ದ ಮಕ್ಕಳಲ್ಲಿ ಗಂಟಲು ಸೋಂಕಿನ ನಂತರ ಹೃದಯದ ಕವಾಟ ಕೆಡಿಸುವ ರುಮ್ಯಾಟಿಕ್ ಜ್ವರ ಸಾಮಾನ್ಯವಾಗಿತ್ತು. ಹುಟ್ಟಿನಿಂದಲೇ ಹೃದಯದ ರಚನೆ ತಪ್ಪಿದ ಮಕ್ಕಳು ವಿರಳ. ಗುಣಪಡಿಸಲಾಗದ ಕಾಯಿಲೆ ಎಂದು ಹೆಚ್ಚಿನ ವೈದ್ಯರು ಅವರತ್ತ ಗಮನ ಕೊಡುತ್ತಿರಲಿಲ್ಲ. ಟಾಸಿಗ್ ಆ ಮಕ್ಕಳನ್ನೇ ವರ್ಷಗಟ್ಟಲೆ ಪರೀಕ್ಷಿಸಿದರು.

'ಟೆಟ್ರಾಲಜಿ ಆಫ್ ಫಾಲೋ' ಎಂಬ ದೋಷವಿದ್ದ ಮಕ್ಕಳಲ್ಲಿ ಶ್ವಾಸಕೋಶಕ್ಕೆ ಹೋಗುವ ದಾರಿ ಕಿರಿದಾಗಿ, ಸಾಕಷ್ಟು ರಕ್ತ ಅಲ್ಲಿಗೆ ತಲುಪುತ್ತಿರಲಿಲ್ಲ. ಎಲ್ಲ ಶಿಶುಗಳಲ್ಲೂ ಹುಟ್ಟುವಾಗ ಮಹಾಧಮನಿಗೂ ಶ್ವಾಸಕೋಶದ ರಕ್ತನಾಳಕ್ಕೂ ನಡುವೆ ಪುಟ್ಟದೊಂದು ಕೊಂಡಿ ಇರುತ್ತದೆ. ಆಮೇಲೆ ಅದು ತಾನೇ ಮುಚ್ಚಿಕೊಳ್ಳುತ್ತದೆ. ಅದು ತೆರೆದೇ ಇದ್ದ ಮಕ್ಕಳು ಚೇತರಿಸಿಕೊಂಡಿದ್ದರು, ಮುಚ್ಚಿದವರ ಸ್ಥಿತಿ ಬಿಗಡಾಯಿಸುತ್ತಿತ್ತು. ಹಾಗಾದರೆ ಅಂಥದೇ ಕೊಂಡಿಯನ್ನು ಶಸ್ತ್ರಚಿಕಿತ್ಸೆಯಿಂದ ಮಾಡಬಹುದಲ್ಲ ಎಂಬುದು ಟಾಸಿಗ್ ಅವರಿಗೆ ಹೊಳೆದ ವಿಚಾರ.

ಮೂವರ ಶ್ರಮ

ಶಸ್ತ್ರಚಿಕಿತ್ಸಕ ಆಲ್ಫ್ರೆಡ್ ಬ್ಲೇಲಾಕ್ ಇದಕ್ಕೆ ಒಪ್ಪಿದರು. ಪ್ರಯೋಗಾಲಯದಲ್ಲಿ ನಾಯಿಗಳ ಮೇಲೆ ಪ್ರಯೋಗ ನಡೆಸಿ ವಿಧಾನವನ್ನು ಪಕ್ಕಾ ಮಾಡಿದವರು ಅವರ ಸಹಾಯಕ, ಕಪ್ಪು ವರ್ಣೀಯ ವಿವಿಯನ್ ಥಾಮಸ್. 1944ರ ನವೆಂಬರ್ 29ರಂದು 15 ತಿಂಗಳ ಹೆಣ್ಣುಮಗುವಿಗೆ ಮೊದಲ ಶಸ್ತ್ರಚಿಕಿತ್ಸೆ ನಡೆಯಿತು. ತೋಳಿಗೆ ಹೋಗುವ ರಕ್ತನಾಳವನ್ನು ಶ್ವಾಸಕೋಶದ ನಾಳಕ್ಕೆ ಜೋಡಿಸಲಾಯಿತು. ಥಾಮಸ್ ಬ್ಲೇಲಾಕ್ ಬೆನ್ನ ಹಿಂದೆ ನಿಂತು ಸಲಹೆ ಕೊಡುತ್ತಿದ್ದರು. ಆ ಮಗು ಕೆಲ ತಿಂಗಳು ಮಾತ್ರ ಬದುಕಿತು. ಆದರೆ ನಂತರ ಶಸ್ತ್ರಚಿಕಿತ್ಸೆಯಾದ 6 ವರ್ಷದ ಬಾಲಕನ ನೀಲಿ ತುಟಿ ಆಪರೇಷನ್ ಟೇಬಲ್ ಮೇಲೆಯೇ ಗುಲಾಬಿ ಬಣ್ಣಕ್ಕೆ ತಿರುಗಿತು.

1945ರಲ್ಲಿ ಪ್ರಕಟವಾದ ವರದಿಯಲ್ಲಿ ಥಾಮಸ್ ಹೆಸರಿರಲಿಲ್ಲ. ಚಿಕಿತ್ಸೆಗೆ 'ಬ್ಲೇಲಾಕ್-ಟಾಸಿಗ್ ಶಂಟ್' ಎಂಬ ಹೆಸರು ಬಂತು. ಈಗ ಅನೇಕ ವೈದ್ಯರು ಅದಕ್ಕೆ ಥಾಮಸ್ ಹೆಸರನ್ನೂ ಸೇರಿಸಿ ಹೇಳುತ್ತಾರೆ.

ಮಾತ್ರೆಯ ವಿರುದ್ಧ ಎಚ್ಚರಿಕೆ

ಗರ್ಭಿಣಿಯರು ಥಾಲಿಡೊಮೈಡ್ ಮಾತ್ರೆ ನುಂಗಿದ್ದರಿಂದ ಯುರೋಪ್‌ನಲ್ಲಿ ಕೈಕಾಲು ಬೆಳೆಯದ ಶಿಶುಗಳು ಜನಿಸುತ್ತಿವೆ ಎಂದು ತಿಳಿದಾಗ, 1962ರಲ್ಲಿ ಟಾಸಿಗ್ ಸ್ವತಃ ಜರ್ಮನಿಗೆ ಹೋಗಿ ಪರಿಶೀಲಿಸಿದರು. ಮರಳಿ ಬಂದು ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಸಾಕ್ಷ್ಯ ನುಡಿದರು. ಅದೇ ವರ್ಷ ಅಲ್ಲಿ ಔಷಧ ಕಾನೂನು ಬಿಗಿಯಾಯಿತು.

1965ರಲ್ಲಿ ಅವರು ಅಮೆರಿಕನ್ ಹಾರ್ಟ್ ಅಸೋಸಿಯೇಷನ್‌ನ ಮೊದಲ ಮಹಿಳಾ ಅಧ್ಯಕ್ಷರಾದರು. 1986ರ ಮೇ 20ರಂದು, 88ನೇ ಹುಟ್ಟುಹಬ್ಬಕ್ಕೆ ನಾಲ್ಕು ದಿನವಿರುವಾಗ ಕಾರು ಅಪಘಾತದಲ್ಲಿ ನಿಧನರಾದರು.

ಫಾಲೋ ದೋಷಕ್ಕೆ ಇಂದು ಪೂರ್ಣ ಪ್ರಮಾಣದ ಶಸ್ತ್ರಚಿಕಿತ್ಸೆ ಇದೆ; ಅಲ್ಲಿಯವರೆಗೆ ಕಾಯಬೇಕಾದ ಕೆಲ ಶಿಶುಗಳಿಗೆ ಶಂಟ್ ಈಗಲೂ ಆಸರೆ. ಮಗುವಿನ ತುಟಿ ಅಥವಾ ನಾಲಿಗೆ ನೀಲಿಯಾದರೆ, ಹಾಲು ಕುಡಿಯುವಾಗ ದಣಿದು ಬೆವರಿದರೆ ತಡ ಮಾಡದೆ ವೈದ್ಯರಿಗೆ ತೋರಿಸಬೇಕು.