ದೊಡ್ಡಸ್ವಾಮಿ ಎನಿಸಿಕೊಂಡ ಫ್ರೆಂಚ್ ಪಾದ್ರಿ

ಶ್ರೀರಂಗಪಟ್ಟಣದ ಗಂಜಾಂನಲ್ಲಿ ಒಂದು ಹಳೆಯ ಚರ್ಚಿದೆ. ದರಿಯಾ ದೌಲತ್ ಮತ್ತು ಗುಂಬಜ್ ನೋಡಲು ಕೊಳ್ಳೇಗಾಲದ ಕಡೆಯಿಂದ ಹೋಗುವ ಕಾಲೇಜು ಪ್ರವಾಸದ ಬಸ್ಸುಗಳು ಅಲ್ಲಿ ನಿಲ್ಲುವುದಿಲ್ಲ. ಆ ಚರ್ಚಿಗೆ ಇಂದಿಗೂ ಅಬ್ಬೆ ಡುಬಾಯ್ ಚರ್ಚ್ ಎಂದೇ ಹೆಸರು. ಕನ್ನಡದಲ್ಲಿ ಅಬ್ಬೆ ಎಂದರೆ ತಾಯಿ. ಫ್ರೆಂಚ್ ಭಾಷೆಯಲ್ಲಿ ಅದು ಪಾದ್ರಿಗೆ ಕೊಡುವ ಗೌರವದ ಸಂಬೋಧನೆ. ಈ ಹೆಸರಿನ ಮನುಷ್ಯ ಯಾರು, ಅಷ್ಟು ದೂರದಿಂದ ಬಂದು ನಮ್ಮ ಸೀಮೆಯ ಹಳ್ಳಿಗಳಲ್ಲಿ ಹೇಗೆ ಬದುಕಿದ ಎಂಬ ಕುತೂಹಲದಿಂದ ಓದಲು ಶುರು ಮಾಡಿದೆ. ಹನೂರು ತಾಲ್ಲೂಕಿನ ಮಾರ್ಟಳ್ಳಿ, ಕಾಮಗೆರೆಗಳ ಕ್ರೈಸ್ತ ಗೆಳೆಯರು ನಮ್ಮ ನಡುವೆಯೇ ಇದ್ದಾರೆ. ಆದರೂ ಇಂಥ ಪಾದ್ರಿಗಳ ಬದುಕು ನಮ್ಮಲ್ಲಿ ಹೆಚ್ಚಿನವರಿಗೆ ತಿಳಿಯದು.

ಜ್ಯಾಂ ಆಂತ್ವಾನ್ ಡುಬಾಯ್ ದಕ್ಷಿಣ ಫ್ರಾನ್ಸಿನ ಸೇಂಟ್ ರೆಮೇಜ್ ಎಂಬ ಹಳ್ಳಿಯವರು. ಪಾದ್ರಿಯಾಗಿ ದೀಕ್ಷೆ ಪಡೆದದ್ದು 1792ರಲ್ಲಿ. ಅದು ಫ್ರೆಂಚ್ ಕ್ರಾಂತಿಯ ಕಾಲ. ಹೊಸ ಸರ್ಕಾರಕ್ಕೆ ಪ್ರಮಾಣ ಮಾಡದ ಪಾದ್ರಿಗಳನ್ನು ಹಿಡಿದು ಕೊಲ್ಲುತ್ತಿದ್ದ ವರ್ಷ. ಅದೇ ವರ್ಷ ಪ್ಯಾರಿಸ್ಸಿನ ವಿದೇಶಿ ಮಿಷನ್ ಸಂಸ್ಥೆಯ ಪರವಾಗಿ ಅವರು ಹಡಗು ಹತ್ತಿದರು. ಆಗ ಇಪ್ಪತ್ತಾರರ ಆಸುಪಾಸಿನ ಯುವಕ. ಮತ್ತೆ ತನ್ನ ದೇಶದ ಮಣ್ಣು ಮೆಟ್ಟಿದ್ದು 31 ವರ್ಷಗಳ ನಂತರ.

ಮೊದಲು ಪುದುಚೇರಿ ಮಿಷನ್ನಿಗೆ ಸೇರಿ ತಮಿಳು ಸೀಮೆಯಲ್ಲಿ ಕೆಲಸ. ಅಲ್ಲಿಯೇ ಅವರು ಒಂದು ತೀರ್ಮಾನಕ್ಕೆ ಬಂದರು: ಯುರೋಪಿನವನಾಗಿ ಉಳಿದು ಈ ಜನರ ಮನೆಯ ಜಗುಲಿಯನ್ನೂ ಹತ್ತಲಾಗದು. ಕೋಟು, ಬೂಟು, ಟೋಪಿ ಬಿಟ್ಟರು. ಉದ್ದನೆಯ ನಿಲುವಂಗಿ, ತಲೆಗೆ ರುಮಾಲು, ಕೈಯಲ್ಲಿ ಕೋಲು. ಮಾಂಸ ಬಿಟ್ಟು ಊರಿನವರ ಅನ್ನ, ಸಾರು ಉಂಡರು. ಇದು ಅವರು ಹೊಸದಾಗಿ ಕಂಡುಹಿಡಿದ ಉಪಾಯವೇನಲ್ಲ. ಅವರಿಗಿಂತ ಸುಮಾರು 200 ವರ್ಷ ಮೊದಲು ಮಧುರೆಯಲ್ಲಿ ರಾಬರ್ಟ್ ಡಿ ನೊಬಿಲಿ ಎಂಬ ಇಟಲಿಯ ಪಾದ್ರಿ ಸಂನ್ಯಾಸಿಯ ವೇಷ ತೊಟ್ಟಿದ್ದರು. 17ನೇ ಶತಮಾನದ ನಡುವಿನಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಲಿಯೊನಾರ್ಡೊ ಚಿನ್ನಾಮಿ ಕನ್ನಡದಲ್ಲಿಯೇ ಪುಸ್ತಕ ಬರೆದಿದ್ದರು. ಡುಬಾಯ್ ಆ ಹಳೆಯ ದಾರಿಯಲ್ಲಿ ನಡೆದರು, ಆದರೆ ಕೊನೆಯವರೆಗೂ ಬಿಡದೆ ನಡೆದರು. ಮೈಸೂರು ಸೀಮೆಯ ಜನ ಅವರನ್ನು ದೊಡ್ಡಸ್ವಾಮಿಯವರು ಎಂದು ಕರೆದರು.

ನಮ್ಮ ಕಡೆಯವರಿಗೆ ಇದು ಬೇಗ ಅರ್ಥವಾಗುತ್ತದೆ. ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವ ದೇವರಗುಡ್ಡರು, ಚಿಕ್ಕಲ್ಲೂರು ಜಾತ್ರೆಯ ನೀಲಗಾರರು, ದರ್ಗಾಕ್ಕೆ ಬರುವ ಫಕೀರರು, ಇವರನ್ನೆಲ್ಲ ಕಂಡ ಊರು ನಮ್ಮದು. ಕೋಲು ಹಿಡಿದು, ಮಿತವಾಗಿ ಉಂಡು, ತನಗೆಂದು ಏನೂ ಕೂಡಿಡದೆ ಬಾಗಿಲಿಗೆ ಬಂದವನಿಗೆ ನಮ್ಮ ಜನ ಮೊದಲು ಕೈಮುಗಿಯುತ್ತಾರೆ. ಯಾವ ದೇವರವನು ಎಂದು ಆಮೇಲೆ ಕೇಳುತ್ತಾರೆ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದಿತು. ನಮ್ಮ ಮೂರು ಊರುಗಳ ಹಣೆಬರಹವೂ ಅಲ್ಲಿಂದಲೇ ಬೇರೆಯಾಯಿತು. ಕೊಳ್ಳೇಗಾಲ, ಹನೂರು ಕಂಪನಿಯ ಕೊಯಮತ್ತೂರು ಜಿಲ್ಲೆಗೆ ಹೋಗಿ 1956ರವರೆಗೂ ಮದರಾಸಿನಲ್ಲೇ ಉಳಿದವು; ಪಕ್ಕದ ಯಳಂದೂರು ಮೈಸೂರಿನಲ್ಲಿ ಉಳಿದು 1807ರಲ್ಲಿ ದಿವಾನ್ ಪೂರ್ಣಯ್ಯನವರ ಜಹಗೀರಾಯಿತು. ಆ ಯುದ್ಧದ ಬೆನ್ನಲ್ಲೇ ಡುಬಾಯ್ ಮೈಸೂರು ಸೀಮೆಗೆ ಬಂದರು. ಅವರಿಗೆ ನೆರವಾದವರು ಇಂಗ್ಲಿಷ್ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿ ಎನ್ನುತ್ತಾರೆ. ಇಂಗ್ಲಿಷರಿಗೂ ಫ್ರೆಂಚರಿಗೂ ಯುದ್ಧ ನಡೆಯುತ್ತಿದ್ದ ಕಾಲದಲ್ಲಿ ಒಬ್ಬ ಫ್ರೆಂಚ್ ಪಾದ್ರಿಗೆ ಈ ನಂಬಿಕೆ ಸಿಕ್ಕಿದ್ದು ಸಣ್ಣ ಮಾತಲ್ಲ.

ಅವರಿಗೆ ಸಿಕ್ಕ ಮೊದಲ ಕೆಲಸ ಏನು ಎಂಬುದನ್ನು ನಮ್ಮ ಕಾಲೇಜಿನಲ್ಲಿ ಹೇಳುವುದು ಸ್ವಲ್ಪ ಕಷ್ಟ, ಆದರೆ ಹೇಳದಿದ್ದರೆ ಕಥೆ ಅರ್ಧವಾಗುತ್ತದೆ. 1784ರಲ್ಲಿ ಮಂಗಳೂರನ್ನು ಮತ್ತೆ ವಶಪಡಿಸಿಕೊಂಡ ಟಿಪ್ಪು ಸುಲ್ತಾನರು, ಕರಾವಳಿಯ ಕಥೋಲಿಕರು ಇಂಗ್ಲಿಷರಿಗೆ ನೆರವಾದರೆಂದು ಅವರನ್ನು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದರು. ದಾರಿಯಲ್ಲಿ ಅನೇಕರು ಸತ್ತರು; ಉಳಿದವರಲ್ಲಿ ಹಲವರನ್ನು ಬಲವಂತದಿಂದ ಮತಾಂತರಿಸಲಾಯಿತು. ಡುಬಾಯ್ ಕೊಡುವ ಸಂಖ್ಯೆ 60,000. ಇದು ಹೆಚ್ಚಾಯಿತು ಎನ್ನುವ ಇತಿಹಾಸಕಾರರಿದ್ದಾರೆ, ಮತ್ತು ಡುಬಾಯ್ ಬರೆದದ್ದು ಟಿಪ್ಪುವಿನ ಶತ್ರುಗಳ ಆಶ್ರಯದಲ್ಲಿದ್ದಾಗ ಎಂಬುದನ್ನೂ ನೆನಪಿಡಬೇಕು. ಶೃಂಗೇರಿಯ ಮಠವನ್ನು ಮರಾಠರ ದಂಡು ಲೂಟಿ ಮಾಡಿದಾಗ ಅದಕ್ಕೆ ನೆರವು ಕಳುಹಿಸಿದ್ದೂ ಇದೇ ಸುಲ್ತಾನರು. ಒಂದು ನಿಜವನ್ನು ಇನ್ನೊಂದು ನಿಜದಿಂದ ಅಳಿಸಲು ನನಗೆ ಮನಸ್ಸಿಲ್ಲ. ಧರ್ಮದಲ್ಲಿ ಬಲಾತ್ಕಾರವಿಲ್ಲ ಎಂದು ಕುರ್‌ಆನ್ ಹೇಳುವುದನ್ನು ನಾವು ಚಿಕ್ಕಂದಿನಿಂದ ಕಲಿತಿದ್ದೇವೆ. ಆ ಅಳತೆಗೋಲನ್ನು ನಮ್ಮವರಿಗೂ ಹಿಡಿಯಬೇಕಾಗುತ್ತದೆ. ಹೀಗೆ ಚದುರಿಹೋಗಿದ್ದ, ಹೆದರಿದ್ದ, ಬಂಧುಬಳಗ ಕಳೆದುಕೊಂಡಿದ್ದ ಕ್ರೈಸ್ತರನ್ನು ಮತ್ತೆ ಒಂದುಗೂಡಿಸುವುದೇ ಡುಬಾಯ್ ಅವರಿಗೆ ಸಿಕ್ಕ ಕೆಲಸ.

ಮುಂದೆ ಅವರು ಹಾಸನದ ಹತ್ತಿರದ ಸಾತಹಳ್ಳಿಯಲ್ಲಿ ಕ್ರೈಸ್ತ ರೈತರ ಬೀಡನ್ನು ಕಟ್ಟಿದರು. ಬರೀ ಪ್ರಾರ್ಥನೆಯಿಂದ ಹೊಟ್ಟೆ ತುಂಬುವುದಿಲ್ಲ, ಜಮೀನು ಬೇಕು ಎಂಬುದು ಅವರಿಗೆ ಗೊತ್ತಿತ್ತು. ಹೇಮಾವತಿ ಹಿನ್ನೀರಿನಲ್ಲಿ ಮುಳುಗುವ ಶೆಟ್ಟಿಹಳ್ಳಿ ಚರ್ಚನ್ನು ಮೊಬೈಲಿನಲ್ಲಿ ನೋಡದವರಿಲ್ಲ. ಅದನ್ನು ಡುಬಾಯ್ ಕಟ್ಟಿಸಿದರೆಂದು ಕೆಲವರು ಬರೆಯುತ್ತಾರೆ. ಆ ಕಟ್ಟಡ ಎದ್ದದ್ದು ಅವರು ದೇಶ ಬಿಟ್ಟು ಎಷ್ಟೋ ವರ್ಷಗಳಾದ ಮೇಲೆ, ಬೇರೆ ಫ್ರೆಂಚ್ ಪಾದ್ರಿಗಳಿಂದ.

ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಸಿಡುಬಿನ ಲಸಿಕೆಯ ಕೆಲಸ. ಆ ಲಸಿಕೆ ಭಾರತಕ್ಕೆ ಬಂದದ್ದು 1802ರ ಜೂನ್‌ನಲ್ಲಿ. ಮುಂಬಯಿಯ ಮೂರು ವರ್ಷದ ಹುಡುಗಿಗೆ ಮೊದಲು ಹಾಕಿದರು. ಆಗ ಐಸ್ ಪೆಟ್ಟಿಗೆ ಇಲ್ಲ, ಸಿರಿಂಜು ಇಲ್ಲ. ದನದ ಸಿಡುಬಿನ ರಸವನ್ನು ಒಬ್ಬರ ತೋಳಿಗೆ ಚುಚ್ಚಿ, ಸುಮಾರು ಎಂಟನೇ ದಿನ ಅಲ್ಲಿ ಏಳುವ ಗುಳ್ಳೆಯಿಂದ ರಸ ತೆಗೆದು ಇನ್ನೊಬ್ಬರಿಗೆ ಚುಚ್ಚಬೇಕು. ಹೀಗೆ ತೋಳಿನಿಂದ ತೋಳಿಗೆ ಲಸಿಕೆ ಊರೂರು ದಾಟುತ್ತಿತ್ತು. ಸರಪಳಿ ಒಂದು ಕಡೆ ಕಡಿದರೆ ಮತ್ತೆ ಮೊದಲಿನಿಂದ ತರಬೇಕು. ಜಾತಿಯ ಮಡಿಮೈಲಿಗೆ ಇರುವ ಊರಿನಲ್ಲಿ ಯಾರದೋ ಮಗುವಿನ ಕೀವನ್ನು ತನ್ನ ಮಗುವಿನ ಮೈಗೆ ಸೇರಿಸಿ ಎಂದರೆ ಯಾವ ತಾಯಿ ಒಪ್ಪುತ್ತಾಳೆ? ಸಿಡುಬು ಎಂದರೆ ಮಾರಮ್ಮ ಮೈಮೇಲೆ ಬಂದದ್ದು; ಅಮ್ಮನನ್ನು ಚುಚ್ಚಿ ಓಡಿಸುವುದು ಪಾಪ ಎಂದು ನಂಬಿದ ಜನ. ಕೊರೋನಾ ಕಾಲದಲ್ಲಿ ನಮ್ಮ ಹಳ್ಳಿಗಳಿಗೆ ಲಸಿಕೆ ಹಾಕಲು ಬಂದ ಆಶಾ ಕಾರ್ಯಕರ್ತೆಯರು ಪಟ್ಟ ಪಾಡು ನೆನೆದರೆ ಇದರ ತೂಕ ತಿಳಿಯುತ್ತದೆ. ಡುಬಾಯ್ ಆಗಿನ ಮೈಸೂರು ಸರ್ಕಾರದ ಬೆಂಬಲದಿಂದ ಹಳ್ಳಿಗಳನ್ನು ಸುತ್ತಿದರು. 1803-04ರ ಅವಧಿಯಲ್ಲಿ 25 ಸಾವಿರಕ್ಕೂ ಹೆಚ್ಚು ಜನರಿಗೆ ಲಸಿಕೆ ಹಾಕಿದ ಲೆಕ್ಕವಿದೆ. ಅವರಲ್ಲಿ ಬಹುಪಾಲು ಕ್ರೈಸ್ತರಾಗಿರಲು ಸಾಧ್ಯವೇ ಇಲ್ಲ. ಅಷ್ಟು ಕ್ರೈಸ್ತರು ಅಲ್ಲಿರಲಿಲ್ಲ. ದೊಡ್ಡಸ್ವಾಮಿಯ ವೇಷ ಇಲ್ಲಿ ಕೆಲಸಕ್ಕೆ ಬಂತು ಎಂದು ನನ್ನ ಊಹೆ.

ಇದೇ ವರ್ಷಗಳಲ್ಲಿ ಅವರು ಇಲ್ಲಿನ ಜನರ ಆಚಾರ ವಿಚಾರಗಳ ಬಗ್ಗೆ ಫ್ರೆಂಚ್‌ನಲ್ಲಿ ಒಂದು ದೊಡ್ಡ ಗ್ರಂಥ ಬರೆದರು. ಮೈಸೂರಿನ ರೆಸಿಡೆಂಟ್ ಮಾರ್ಕ್ ವಿಲ್ಕ್ಸ್ ಅದನ್ನು ಮೆಚ್ಚಿ ಶಿಫಾರಸು ಮಾಡಿದರು. 1807ರಲ್ಲಿ ಮದರಾಸು ಸರ್ಕಾರ 2,000 ವರಹಕ್ಕೆ ಹಸ್ತಪ್ರತಿಯನ್ನು ಕೊಂಡಿತು. 1816ರಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಯಿತು. ಭಾರತಕ್ಕೆ ಬರುವ ಅಧಿಕಾರಿಗಳಿಗೆ ಅದು ಕೈಪಿಡಿಯಾಯಿತು. ಆದರೆ 1987ರಲ್ಲಿ ಸಿಲ್ವಿಯಾ ಮುರ್ ಎಂಬ ಫ್ರೆಂಚ್ ವಿದುಷಿ ಒಂದು ಸಂಗತಿ ಹೊರಹಾಕಿದರು: ಪುಸ್ತಕದ ಬಹುಭಾಗ ಕೇರ್ದೂ ಎಂಬ ಹಿಂದಿನ ತಲೆಮಾರಿನ ಪಾದ್ರಿಯ ಬರಹದಿಂದ ಎತ್ತಿಕೊಂಡದ್ದು. ಕೇರ್ದೂ ಹೆಸರನ್ನು ಡುಬಾಯ್ ಹೇಳಿರಲಿಲ್ಲ. ಅಸೈನ್‌ಮೆಂಟ್ ಕಾಪಿ ಮಾಡುವವರು ಇದನ್ನು ಓದಿ ಸಮಾಧಾನ ಪಡಬೇಡಿ. 180 ವರ್ಷವಾದರೂ ಸಿಕ್ಕಿಬೀಳುತ್ತದೆ.

ಆ ಪುಸ್ತಕದಲ್ಲಿ ನನಗೆ ಒಪ್ಪಿಗೆಯಾಗದ್ದು ಬಹಳ ಇದೆ. ಜಾತಿ ಪದ್ಧತಿ ಇಲ್ಲದಿದ್ದರೆ ಈ ದೇಶ ಕೆಟ್ಟುಹೋಗುತ್ತಿತ್ತು ಎಂಬಂತೆ ಅವರು ವಾದಿಸುತ್ತಾರೆ. ಕೇರಿಯಲ್ಲಿ ಬದುಕಿದವರ ಕಣ್ಣಿನಿಂದ ನೋಡಿದವರು ಹಾಗೆ ಬರೆಯಲಾರರು. ಉಡುಗೆ ಬದಲಿಸಿದಷ್ಟು ಸುಲಭವಾಗಿ ಮನುಷ್ಯ ಜಗುಲಿಯಿಂದ ಇಳಿದು ಕೇರಿಗೆ ಹೋಗುವುದಿಲ್ಲವೇನೋ.

ಅವರ ಬದುಕಿನ ಅತಿ ಕಠಿಣ ಮಾತು ಬಂದದ್ದು ಕೊನೆಯಲ್ಲಿ. 1823ರ ಆರಂಭದಲ್ಲಿ ಕಂಪನಿ ಕೊಟ್ಟ ಪಿಂಚಣಿಯೊಂದಿಗೆ ಭಾರತ ಬಿಟ್ಟರು. ಅದೇ ವರ್ಷ ಭಾರತದಲ್ಲಿ ಕ್ರೈಸ್ತಧರ್ಮದ ಸ್ಥಿತಿಯ ಬಗ್ಗೆ ಅವರ ಪತ್ರಗಳು ಲಂಡನ್ನಿನಲ್ಲಿ ಪ್ರಕಟವಾದವು. ಹಿಂದೂಗಳನ್ನು ಮನುಷ್ಯ ಪ್ರಯತ್ನದಿಂದ ಮತಾಂತರಿಸುವುದು ಆಗದ ಕೆಲಸ ಎಂದು ಅವರು ಅಲ್ಲಿ ಬರೆದರು. ಅದಕ್ಕೆ ತಮ್ಮ ಲೆಕ್ಕವನ್ನೇ ಸಾಕ್ಷಿಯಾಗಿ ಇಟ್ಟರು: 25 ವರ್ಷಗಳ ದುಡಿಮೆಯಲ್ಲಿ ತಾವು ಮತಕ್ಕೆ ತಂದವರು ಇನ್ನೂರು ಮುನ್ನೂರು ಮಂದಿ, ಅವರಲ್ಲೂ ಹೆಚ್ಚಿನವರು ಬೇರೆ ಗತಿಯಿಲ್ಲದೆ ಬಂದ ಬಡವರು ಮತ್ತು ಜಾತಿಯಿಂದ ಹೊರಬಿದ್ದವರು. ಯುರೋಪಿನವರ ನಡತೆಯೇ ಅವರ ಧರ್ಮಕ್ಕೆ ಕೆಟ್ಟ ಹೆಸರು ತಂದಿದೆ ಎಂದೂ ಸೇರಿಸಿದರು. ಪ್ರಾಟೆಸ್ಟಂಟ್ ಪಾದ್ರಿಗಳು ಸಿಟ್ಟಿನಿಂದ ಉತ್ತರ ಬರೆದರು. ಜೇಮ್ಸ್ ಹೌ ಎಂಬವರು ಒಂದು ಪುಸ್ತಕವನ್ನೇ ಬರೆದರು. ಅವರ ಸಿಟ್ಟಿಗೂ ಕಾರಣವಿತ್ತು: ಆ ಬಡವರ ಆಯ್ಕೆಯನ್ನು ಡುಬಾಯ್ ಬಲು ಅಗ್ಗವಾಗಿ ತೂಗಿದ್ದರು. ಗತಿಯಿಲ್ಲದವನು ಗೌರವ ಹುಡುಕಿಕೊಂಡು ಬಂದರೆ ಅದು ನಂಬಿಕೆಯಲ್ಲ ಎನ್ನಲು ಯಾರಿಗೆ ಅಧಿಕಾರ? ಆದರೂ ತನ್ನ ಇಡೀ ಪ್ರಾಯವನ್ನು ಸುರಿದ ಕೆಲಸದ ಫಲ ಇಷ್ಟೇ ಎಂದು ಸ್ವಂತ ಹೆಸರು ಹಾಕಿ ಅಚ್ಚು ಹಾಕಿಸಿದ ಧೈರ್ಯವನ್ನು ನಾನು ಮೆಚ್ಚುತ್ತೇನೆ.

ಪ್ಯಾರಿಸ್ಸಿನಲ್ಲಿ ಅವರು ನಮ್ಮ ಸೀಮೆಯನ್ನು ಮರೆಯಲಿಲ್ಲ. 1826ರಲ್ಲಿ ಪಂಚತಂತ್ರದ ಕಥೆಗಳನ್ನು ಫ್ರೆಂಚ್‌ಗೆ ತಂದರು. ಅದಕ್ಕೆ ಆಧಾರವಾಗಿಟ್ಟುಕೊಂಡ ಪ್ರತಿಗಳಲ್ಲಿ ತಮಿಳು, ತೆಲುಗಿನ ಜೊತೆ ಕನ್ನಡವೂ ಇತ್ತು. ತನ್ನನ್ನು ಕಳುಹಿಸಿದ್ದ ಸಂಸ್ಥೆಯ ಗುರುಮಠದಲ್ಲಿಯೇ ಕೆಲಸ ಮಾಡುತ್ತ 1836ರಿಂದ 1839ರವರೆಗೆ ಅದರ ಮುಖ್ಯಸ್ಥರಾದರು. ಮತಾಂತರ ಆಗದ ಕೆಲಸ ಎಂದು ಬರೆದವರೇ ಏಷ್ಯಾದ ಹಳ್ಳಿಗಳಿಗೆ ಹೊರಡುವ ಹುಡುಗರನ್ನು ತಯಾರು ಮಾಡುವ ಮನೆಯ ಯಜಮಾನರಾಗಿದ್ದರು. 1848ರ ಫೆಬ್ರುವರಿ 17ರಂದು ತೀರಿಕೊಂಡರು. ಐದು ದಿನಗಳ ನಂತರ ಪ್ಯಾರಿಸ್ಸಿನ ಬೀದಿಗಳಲ್ಲಿ ಮತ್ತೊಂದು ಕ್ರಾಂತಿ ಶುರುವಾಯಿತು.